ಪೋಸ್ಟಿಂಗ್ ಆರ್ಡರ್ ಬಂದಾಗ: ಕೊಡಗಿನ ಸೈನಿಕ ಕುಟುಂಬಗಳಿಗೊಂದು ಕೈಪಿಡಿ

ಮಾರ್ಚ್ ತಿಂಗಳು ಬಂತೆಂದರೆ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. "ಇವರಿಗೆ ಫೀಲ್ಡ್ (ಗಡಿಭಾಗದ) ಪೋಸ್ಟಿಂಗ್ ಬಂದಿದೆ, ಮಕ್ಕಳನ್ನು ಕರ್ಕೊಂಡು ಊರಿಗೆ ಬರಲಾ, ಅಲ್ಲೇ ಇರಲಾ?" "ಮಗಳಿಗೆ ಇದು ನಾಲ್ಕನೇ ಸ್ಕೂಲು, ಮಾತೇ ಕಡಿಮೆಯಾಗಿದೆ." "ಮದುವೆಗೆ ಮುಂಚೆ ನಾನು ಟೀಚರ್ ಆಗಿದ್ದೆ. ಈಗ ಯಾರಾದರೂ ಕೇಳಿದರೆ ಹವಾಲ್ದಾರರ ಹೆಂಡತಿ ಅಂತ ಹೇಳಿ ಸುಮ್ಮನಾಗ್ತೀನಿ." ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ಧೈರ್ಯ ಹೇಳುವವರಿಗೆ ಬರವಿಲ್ಲ. "ನೀನು ಮಿಲಿಟರಿಯವನ ಹೆಂಡತಿ, ನಿಂಗೇನು ಹೆದರಿಕೆ?" ಎಂದು ಬೆನ್ನು ತಟ್ಟಿ ಹೋಗುತ್ತಾರೆ. ಆದರೆ ಏಳೆಂಟು ವರ್ಗಾವಣೆ ಕಂಡೂ ಅಲ್ಲಾಡದೆ ನಿಂತ ಮನೆಗಳನ್ನು ನೋಡಿದರೆ ಅಲ್ಲಿಯವರ ಎದೆಗಾರಿಕೆ ಬೇರೆಯವರಿಗಿಂತ ಹೆಚ್ಚೇನೂ ಇರುವುದಿಲ್ಲ. ಅವರ ಕಾಗದಪತ್ರ ಸರಿಯಿರುತ್ತದೆ, ದುಡ್ಡು ಕೈಗೆ ಸಿಗುವಂತಿರುತ್ತದೆ, ಕರೆದರೆ ಬರುವ ಇಬ್ಬರು ಇರುತ್ತಾರೆ, ಹೆಂಡತಿಗೆ ತನ್ನದೇ ಆದ ಒಂದು ಕೆಲಸ ಇರುತ್ತದೆ. ಕೆಳಗಿರುವುದೆಲ್ಲ ಇವುಗಳನ್ನು ಹೊಂದಿಸಿಕೊಳ್ಳುವ ದಾರಿ.

ಶುರು ಮಾಡಲು ಬೇಕಾದದ್ದು ಇಷ್ಟೇ: ಜಿಪ್ ಇರುವ ಒಂದು ಗಟ್ಟಿ ಫೈಲು, ಒಂದು ನೋಟ್‌ಬುಕ್ಕು, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ, ಮತ್ತು ಯಜಮಾನರು ರಜೆಯಲ್ಲಿ ಮನೆಯಲ್ಲಿರುವಾಗ ನೆಂಟರಿಷ್ಟರಿಲ್ಲದ ಎರಡು ಸಂಜೆ.

1. ಮೊದಲು ಹೆಸರು ಸರಿಮಾಡಿಕೊಳ್ಳಿ

ಕೊಡಗಿನವರಿಗೆ ಹೆಚ್ಚಾಗಿ ಬರುವ ತಲೆನೋವು ಇದು. ನಮ್ಮಲ್ಲಿ ಒಕ್ಕದ ಹೆಸರು, ಅಂದರೆ ಮನೆತನದ ಹೆಸರು, ಮುಂದೆ ಬರುತ್ತದೆ. ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂದರೆ ಕೊಡಂದೇರ ಒಕ್ಕದ, ಮಾದಪ್ಪನ ಮಗ ಕಾರ್ಯಪ್ಪ. ಆದರೆ ಅರ್ಜಿ ನಮೂನೆಗಳು ಕೇಳುವುದು ಫಸ್ಟ್ ನೇಮ್, ಮಿಡಲ್ ನೇಮ್, ಲಾಸ್ಟ್ ನೇಮ್. ಭರ್ತಿಯಾಗುವಾಗ ಒಬ್ಬ ಗುಮಾಸ್ತರು ಒಕ್ಕದ ಹೆಸರನ್ನು ಮೊದಲು ಬರೆದಿರುತ್ತಾರೆ, ಆಧಾರ್ ಕೇಂದ್ರದವರು ಅದನ್ನು ಕೊನೆಗೆ ಹಾಕಿರುತ್ತಾರೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್ ಇರುತ್ತದೆ. ಕಾರ್ಯಪ್ಪ ಎನ್ನುವುದನ್ನೇ ಇಂಗ್ಲಿಷಿನಲ್ಲಿ ಒಂದು ಕಡೆ ಸಿ ಅಕ್ಷರದಿಂದ, ಇನ್ನೊಂದು ಕಡೆ ಕೆ ಅಕ್ಷರದಿಂದ ಬರೆದಿರುತ್ತಾರೆ. ಕೆಲಸದಲ್ಲಿರುವಷ್ಟು ದಿನ ಯಾರೂ ಕೇಳುವುದಿಲ್ಲ. ಪಿಂಚಣಿಯ ಹೊತ್ತಿಗೆ, ಅಥವಾ ಅದಕ್ಕಿಂತ ಕೆಟ್ಟ ಹೊತ್ತಿಗೆ, ಕಂಪ್ಯೂಟರು ಇದು ಬೇರೆ ಮನುಷ್ಯ ಎನ್ನುತ್ತದೆ.

ಹಾಗಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಉದ್ದಕ್ಕೆ ಬರೆಯಿರಿ: ಸೇವಾ ದಾಖಲೆ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರ. ಪ್ರತಿಯೊಂದರ ಎದುರು ಅದರಲ್ಲಿರುವ ಹೆಸರನ್ನು ಒಂದಕ್ಷರ ಬಿಡದೆ ನಕಲು ಮಾಡಿ. ನಿಮ್ಮ ಹೆಸರಿಗೂ ಹಾಗೇ ಮಾಡಿ. ಮದುವೆಯಾದ ಮೇಲೆ ತವರಿನ ಒಕ್ಕದ ಹೆಸರು ಹೋಗಿ ಗಂಡನ ಒಕ್ಕದ ಹೆಸರು ಬಂದಿರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹಳೆಯದೇ ಉಳಿದಿರುತ್ತದೆ. ಸೇವಾ ದಾಖಲೆಯಲ್ಲಿ ಇರುವುದೇ ಮುಖ್ಯ. ಅದರಲ್ಲೇ ತಪ್ಪಿಲ್ಲದಿದ್ದರೆ ಉಳಿದವನ್ನು ಅದಕ್ಕೆ ಹೊಂದಿಸಿ.

ಇನ್ನೊಂದು, ಪಾರ್ಟ್ ಟೂ ಆರ್ಡರ್. ಸೈನಿಕನ ಮನೆಯಲ್ಲಿ ಮದುವೆ, ಹೆರಿಗೆ, ವಿಚ್ಛೇದನ, ಸಾವು ಏನೇ ಆದರೂ ಯೂನಿಟ್ಟಿನವರು ಅದನ್ನು ಅಧಿಕೃತವಾಗಿ ಪ್ರಕಟಿಸಿ ರೆಕಾರ್ಡ್ ಆಫೀಸಿಗೆ ಕಳಿಸುವ ಆದೇಶ ಇದು. ರೆಕಾರ್ಡ್ ಆಫೀಸ್ ಎಂದರೆ ಆ ರೆಜಿಮೆಂಟಿನ ಎಲ್ಲರ ಸೇವಾ ಪುಸ್ತಕ ಇಡುವ ಕಚೇರಿ. ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್ನಿನಲ್ಲಿದೆ, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ. ನಿಮ್ಮ ಮದುವೆಗೆ ಇಡೀ ನಾಡಿನವರು ಬಂದು ಹರಸಿರಬಹುದು, ಪಾರ್ಟ್ ಟೂ ಆಗದಿದ್ದರೆ ಸೇನೆಯ ಪುಸ್ತಕದಲ್ಲಿ ಅವರಿನ್ನೂ ಬ್ರಹ್ಮಚಾರಿ. "ಆಗಿದೆ ಅಂದ್ರು" ಎನ್ನುವ ಉತ್ತರ ಸಾಲದು. ಆದೇಶದ ಸಂಖ್ಯೆ, ತಾರೀಕು ಕೇಳಿ ಬರೆದಿಟ್ಟುಕೊಳ್ಳಿ. ಎರಡನೇ ಮಗುವಿನದು ಬಿಟ್ಟುಹೋಗುವುದೇ ಹೆಚ್ಚು.

ಫೈಲಿನಲ್ಲಿರುವ ಎಲ್ಲವನ್ನೂ ಸ್ಕ್ಯಾನ್ ಮಾಡಿ ನಿಮ್ಮ ಇಮೇಲಿಗೂ ತಾಯಿಮನೆಯ ಒಬ್ಬರಿಗೂ ಕಳಿಸಿಡಿ. ಡಿಜಿಲಾಕರ್‌ನಲ್ಲಿ ಬರುವಂಥದ್ದನ್ನು ಅಲ್ಲೂ ಇಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು ಕಡೆ ಗುಡ್ಡ ಕುಸಿದಾಗ ಮನೆಗಳ ಜೊತೆ ಬೀರುವಿನಲ್ಲಿದ್ದ ಕಾಗದವೂ ಮಣ್ಣಾಯಿತು. ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದವರು ನಕಲು ಪ್ರತಿಗೆ ಅಲೆಯುವಂತಾಯಿತು.

2. ದುಡ್ಡು ಮತ್ತು ಸಹಿ

ಅವರು ಹೊರಡುವ ಮೊದಲು ಜಂಟಿ ಖಾತೆ ಮಾಡಿಸಿ. ನಿಯಮ "ಐದರ್ ಆರ್ ಸರ್ವೈವರ್" ಇರಲಿ, ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ದುಡ್ಡು ತೆಗೆಯಬಹುದು, ಒಬ್ಬರಿಲ್ಲದಿದ್ದರೂ ಖಾತೆ ನಡೆಯುತ್ತದೆ. ಅದು ಬೇರೆ, ನಿಮ್ಮ ಸ್ವಂತ ಖಾತೆ ಬೇರೆ. ಎರಡೂ ಬೇಕು.

ತೋಟ ಇದ್ದವರಿಗೆ ಇನ್ನೊಂದು ತೊಡಕು. ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಪಹಣಿಯಲ್ಲಿ ಸಾಮಾನ್ಯವಾಗಿ ಕುಟುಂಬದ ಹಲವರ ಹೆಸರಿರುತ್ತದೆ. ಸಾಲಕ್ಕೋ ಸಬ್ಸಿಡಿಗೋ ಅರ್ಜಿ ಹಾಕಿದರೆ ನಿಮ್ಮ ಯಜಮಾನರ ಸಹಿ ಕೇಳುತ್ತಾರೆ, ಅವರು ಲಡಾಖಿನಲ್ಲಿರುತ್ತಾರೆ. ಏನೇನಕ್ಕೆ ನೀವು ಸಹಿ ಹಾಕಬಹುದು ಎಂದು ಸ್ಪಷ್ಟವಾಗಿ ಬರೆದ ಅಧಿಕಾರ ಪತ್ರವನ್ನು ವಕೀಲರ ಹತ್ತಿರ ಮಾಡಿಸಿಡಿ. ಎಲ್ಲದಕ್ಕೂ ಎನ್ನುವಂಥದ್ದು ಬೇಡ, ಯಾರಿಗೂ ಬೇಡ. ಕಾಫಿ ಕೊಯ್ಲು ನಡೆಯುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ವಾರದ ಬಟವಾಡೆಗೆ ಕೈಯಲ್ಲಿ ನಗದು ಬೇಕು. ಆ ಲೆಕ್ಕ ಯಾರು ನೋಡುತ್ತಾರೆ, ಮಾವನವರೋ, ಮೈದುನನೋ, ನೀವೋ, ಎನ್ನುವುದು ಅವರು ಇರುವಾಗಲೇ ಎಲ್ಲರ ಎದುರು ತೀರ್ಮಾನವಾಗಲಿ. ಫೋನಿನಲ್ಲಿ ಈ ಮಾತು ತೆಗೆದರೆ ಜಗಳವಾಗದೆ ಇರುವುದಿಲ್ಲ.

3. ಎಲ್ಲಿರುವುದು?

ಪೀಸ್ ಸ್ಟೇಷನ್ ಎಂದರೆ ಕುಟುಂಬ ಜೊತೆಗಿರಬಹುದಾದ ಊರು. ಫೀಲ್ಡ್ ಎಂದರೆ ಗಡಿಭಾಗ ಅಥವಾ ಕಾರ್ಯಾಚರಣೆಯ ಜಾಗ, ಅಲ್ಲಿ ಕುಟುಂಬಕ್ಕೆ ಅವಕಾಶವಿಲ್ಲ. ಫೀಲ್ಡ್ ಬಂದರೆ ನಿಮ್ಮ ಮುಂದೆ ಮೂರು ದಾರಿ.

ಮೊದಲನೆಯದು ಒಕ್ಕದ ಮನೆಗೆ ಬರುವುದು. ಖರ್ಚು ಕಡಿಮೆ, ಅಜ್ಜಿ ತಾತ ಇರುತ್ತಾರೆ. ಆದರೆ ಅಷ್ಟು ವರ್ಷ ನಿಮ್ಮದೇ ಅಡುಗೆಮನೆ ನಡೆಸಿ ಬಂದು ಈಗ ಅತ್ತೆಯವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಬೇಕಾಗುತ್ತದೆ. ಚಿಕ್ಕ ವಿಷಯ ಎಂದು ತಳ್ಳಿಹಾಕಬೇಡಿ. ಹೆಚ್ಚಿನ ಮನಸ್ತಾಪ ಹುಟ್ಟುವುದೇ ಇಲ್ಲಿ. ನಿಮಗೊಂದು ಕೋಣೆ, ಮಕ್ಕಳ ಓದಿಗೊಂದು ಮೇಜು, ತಿಂಗಳಿಗೆ ಇಷ್ಟು ಮನೆಖರ್ಚಿಗೆ ಎಂದು ಬರುವ ಮೊದಲೇ ಮಾತಾಡಿಕೊಂಡರೆ ಅರ್ಧ ಕಷ್ಟ ಕಳೆದಂತೆ.

ಎರಡನೆಯದು ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪ ಅಥವಾ ಮೈಸೂರಿನಲ್ಲಿ ಬಾಡಿಗೆ ಮನೆ. ಶಾಲೆ, ಆಸ್ಪತ್ರೆ ಹತ್ತಿರ. ಅತ್ತೆ ಮಾವನಿಗೆ ಒಂದು ಫೋನು ಮಾಡಿದರೆ ಬರುವಷ್ಟು ದೂರ. ಕೇಳಿದವರಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಮೂರನೆಯದು ಎಸ್‌ಎಫ್‌ಎ, ಅಂದರೆ ಫೀಲ್ಡಿಗೆ ಹೋದವರ ಕುಟುಂಬಕ್ಕೆಂದು ದಂಡುಪ್ರದೇಶಗಳಲ್ಲಿ ಕೊಡುವ ಕ್ವಾರ್ಟರ್ಸ್. ನಿಮ್ಮಂಥವರೇ ಸುತ್ತ ಇರುತ್ತಾರೆ, ಸೇನಾ ಆಸ್ಪತ್ರೆ ಪಕ್ಕದಲ್ಲಿರುತ್ತದೆ. ಸಿಗಲು ಸರದಿ ಕಾಯಬೇಕು, ಆದ್ದರಿಂದ ಆದೇಶ ಕೈಗೆ ಬಂದ ವಾರವೇ ಅರ್ಜಿ ಹಾಕಿಸಿ.

ಎಚ್ಚರಿಕೆ: ಹುತ್ತರಿ ಹಬ್ಬಕ್ಕೋ ಮದುವೆಗೋ ಮನೆ ತುಂಬ ಜನ ಸೇರಿರುವಾಗ ಇದನ್ನು ತೀರ್ಮಾನಿಸಬೇಡಿ. ಹತ್ತು ಜನ ಹತ್ತು ಹೇಳುತ್ತಾರೆ, ಇರಬೇಕಾದವರು ನೀವು.

4. ಮಕ್ಕಳು

ಶಾಲೆಯ ವಿಚಾರದಲ್ಲಿ ಮೂರು ಸಂಗತಿ ಗೊತ್ತಿರಲಿ. ಕೇಂದ್ರೀಯ ವಿದ್ಯಾಲಯದ ಪ್ರವೇಶದಲ್ಲಿ ಸೈನಿಕರೂ ಸೇರಿದಂತೆ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಮೊದಲ ಆದ್ಯತೆ, ಅದರಲ್ಲೂ ಕಳೆದ 7 ವರ್ಷಗಳಲ್ಲಿ ಎಷ್ಟು ವರ್ಗಾವಣೆ ಆಗಿದೆ ಎಂಬ ಲೆಕ್ಕ ನೋಡುತ್ತಾರೆ. ಆದ್ದರಿಂದ ಹಳೆಯ ಪೋಸ್ಟಿಂಗ್ ಆರ್ಡರುಗಳ ಪ್ರತಿಯನ್ನು ಎಸೆಯಬೇಡಿ, ಫೈಲಿಗೆ ಹಾಕಿ. ಎರಡನೆಯದು ಕೂಡಿಗೆಯ ಸೈನಿಕ ಶಾಲೆ. 6ನೇ ತರಗತಿಗೆ ಸೇರಲು ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬೇಕು, ವಯಸ್ಸು 10ರಿಂದ 12ರ ಒಳಗಿರಬೇಕು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಹೆಣ್ಣುಮಕ್ಕಳಿಗೂ ಅವಕಾಶವಿದೆ, ಸೀಟುಗಳಲ್ಲಿ ಒಂದು ಪಾಲು ಸೇವೆಯಲ್ಲಿರುವ ಮತ್ತು ನಿವೃತ್ತ ಸೈನಿಕರ ಮಕ್ಕಳಿಗೆ ಮೀಸಲು. ಅಪ್ಪ ಮಿಲಿಟರಿ ಎಂಬ ಒಂದೇ ಕಾರಣಕ್ಕೆ ಮಗುವನ್ನು ಅಲ್ಲಿಗೆ ನೂಕಬೇಡಿ. ಈಗಾಗಲೇ ಅಪ್ಪನಿಂದ ದೂರ ಇರುವ ಮಗು ಹಾಸ್ಟೆಲಿಗೆ ಹೋದರೆ ಅಮ್ಮನಿಂದಲೂ ದೂರವಾಗುತ್ತದೆ. ಮೂರನೆಯದು, ಟಿ.ಸಿ. ತೆಗೆಯುವಾಗಲೇ ಬೇರೆ ರಾಜ್ಯಕ್ಕೆ ಬೇಕಾದ ಮೇಲುಸಹಿ ಹಾಕಿಸಿಕೊಳ್ಳಿ. ಆಮೇಲೆ ಪಠಾನ್‌ಕೋಟಿನಿಂದ ಅದನ್ನು ತರಿಸಿಕೊಳ್ಳುವುದು ಸುಲಭವಲ್ಲ.

ಶಾಲೆಗಿಂತ ಕಷ್ಟದ್ದು ಭಾಷೆ. ದಂಡುಪ್ರದೇಶದಲ್ಲಿ ಬೆಳೆದ ಮಕ್ಕಳು ತಮ್ಮತಮ್ಮಲ್ಲೇ ಹಿಂದಿ ಆಡುತ್ತವೆ. ಊರಿಗೆ ಬಂದರೆ ಅಜ್ಜಿ ಕೊಡವತಕ್ಕ್ ಅಥವಾ ಅರೆಭಾಷೆ, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಾತು ಕಡಿಮೆಯಾಗಿದೆ ಎಂದು ಬರೆದ ತಾಯಿಗೆ ನಾನು ಕೇಳಿದ ಮೊದಲ ಪ್ರಶ್ನೆ, ಯಾವ ಭಾಷೆಯಲ್ಲಿ ಕಡಿಮೆಯಾಗಿದೆ ಎಂದು. ಮಗು ಮುದುಡಿಕೊಂಡಿದೆಯೋ, ಬರೀ ಪದ ಸಿಗುತ್ತಿಲ್ಲವೋ, ಎರಡಕ್ಕೂ ಮದ್ದು ಬೇರೆ. ಪದ ಸಿಗದಿದ್ದರೆ ಉಪಾಯವಿದೆ: ಪಂಜಾಬಿನಲ್ಲಿರಲಿ, ಅಸ್ಸಾಮಿನಲ್ಲಿರಲಿ, ದಿನಕ್ಕೆ ಕಾಲು ಗಂಟೆ ಕನ್ನಡ ಅಕ್ಷರ, ವಾರಕ್ಕೆರಡು ಸಲ ಅಜ್ಜಿಗೆ ಫೋನು, ಆ ಹೊತ್ತಿನಲ್ಲಿ ಮನೆಮಾತು ಮಾತ್ರ. ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಕೆಯ ಕಾಯ್ದೆ ಇರುವುದರಿಂದ, ಎಂಟನೇ ತರಗತಿಯಲ್ಲಿ ಅ ಆ ಇ ಈ ಶುರು ಮಾಡುವ ಮಗುವಿನ ಪಾಡು ಬೇಡ.

"ನಿನ್ನ ಊರು ಯಾವುದು?" ಎಂದರೆ ಈ ಮಕ್ಕಳು ತಡವರಿಸುತ್ತವೆ. ಹುಟ್ಟಿದ್ದು ಜಬಲ್ಪುರ, ಒಂದನೇ ಕ್ಲಾಸು ಜೋಧಪುರ, ಈಗ ಪೊನ್ನಂಪೇಟೆ. ಒಂದು ಉತ್ತರ ನೀವೇ ಕಲಿಸಿಕೊಡಿ, ಒಕ್ಕದ ಹೆಸರು, ನಾಡಿನ ಹೆಸರು. ಬರೀ ಬಾಯಿಪಾಠವಾದರೆ ಉಪಯೋಗವಿಲ್ಲ, ಅದಕ್ಕೆ ಕೈಕಾಲು ಬೇಕು. ಒಕ್ಕದವರೆಲ್ಲ ಸೇರುವ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಐನ್‌ಮನೆಗೆ, ಅಂದರೆ ಒಕ್ಕದ ಮೂಲಮನೆಗೆ, ಕರೆದುಕೊಂಡು ಹೋಗಿ ಕೋವಿಗೆ ತೋಕ್‌ಪೂ ಹೂವು ಇಡಲು ಬಿಡಿ. ಏಪ್ರಿಲ್ ಸುಮಾರಿಗೆ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಶುರು ಮಾಡಿದ ಈ ಪಂದ್ಯಾವಳಿಯಲ್ಲಿ ಆಡುವುದು ಒಕ್ಕದ ಹೆಸರಿನಲ್ಲಿ. ಹುಡುಗಿಯರು, ಹೆಂಗಸರು, ಅಜ್ಜಂದಿರು ಎಲ್ಲರೂ ಒಂದೇ ತಂಡದಲ್ಲಿ ಇರಬಹುದು. ಬೆನ್ನ ಮೇಲೆ ಒಕ್ಕದ ಹೆಸರಿರುವ ಜೆರ್ಸಿ ಹಾಕಿಕೊಂಡು ಹತ್ತು ನಿಮಿಷ ಮೈದಾನದಲ್ಲಿ ಓಡಿದ ಮಗುವಿಗೆ ಊರಿನ ಪಾಠ ಬೇರೆ ಬೇಡ. ಗೌಡ ಕುಟುಂಬಗಳಿಗೂ ಅವರದೇ ಕ್ರಿಕೆಟ್ ಪಂದ್ಯಾವಳಿ ಇದೆ. ರಜೆ ಹಾಕುವಾಗ ಯಜಮಾನರಿಗೆ ಈ ತಾರೀಕುಗಳನ್ನು ಮುಂಚೆಯೇ ತಿಳಿಸಿ. ಅವರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಇದೆ, ಎಲ್ಲವನ್ನೂ ಮನೆ ರಿಪೇರಿಗೆ, ತೋಟಕ್ಕೆ ಸುರಿಯುವುದು ಬೇಡ.

5. ನಿಮ್ಮ ಹೆಸರಿಗೊಂದು ಕೆಲಸ

ಹವಾಲ್ದಾರರ ಹೆಂಡತಿ ಎನ್ನುವುದು ಸುಳ್ಳಲ್ಲ, ಅದರಲ್ಲಿ ನಾಚಿಕೆಯೂ ಇಲ್ಲ. ಆದರೆ ಅದು ಅವರ ರ‍್ಯಾಂಕು. ಬಡ್ತಿ ಬಂದರೆ ಬದಲಾಗುತ್ತದೆ, ನಿವೃತ್ತಿಯಾದರೆ ಹೋಗುತ್ತದೆ. ಕೊಡಗಿನಲ್ಲಿ ಈ ಹೆಮ್ಮೆಯ ಭಾರ ಸ್ವಲ್ಪ ಹೆಚ್ಚೇ. ಮಡಿಕೇರಿಗೆ ಕಾಲಿಟ್ಟರೆ ಜನರಲ್ ತಿಮ್ಮಯ್ಯನವರ ಪ್ರತಿಮೆ, ಅವರು ಹುಟ್ಟಿದ ಸನ್ನಿಸೈಡ್ ಮನೆ ಈಗ ವಸ್ತುಸಂಗ್ರಹಾಲಯ. 1949ರ ಜನವರಿ 15ರಂದು ಕಾರ್ಯಪ್ಪನವರು ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ದಿನವನ್ನೇ ದೇಶ ಸೇನಾ ದಿನವೆಂದು ಆಚರಿಸುತ್ತದೆ. ಇಷ್ಟೆಲ್ಲದರ ನಡುವೆ "ನನಗೆ ಸಾಕಾಗಿದೆ" ಎನ್ನಲು ಬಾಯಿ ಬರುವುದಿಲ್ಲ. ಆದರೆ ಇನ್ನೊಂದನ್ನೂ ನೆನಪಿಡಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಡುವಿನ 23 ವರ್ಷ ಆ ಮನೆ ತನ್ನ ಕಾಲ ಮೇಲೇ ನಡೆಯಬೇಕಿತ್ತು.

ಕೆಲಸ ಆರಿಸುವಾಗ ಒಂದೇ ಪ್ರಶ್ನೆ: ಇದನ್ನು ಟ್ರಂಕಿನಲ್ಲಿ ತುಂಬಿಕೊಂಡು ಹೋಗಬಹುದೇ? ಬಿ.ಎಡ್. ಇದ್ದರೆ ಸಿ-ಟೆಟ್ ಬರೆದಿಡಿ. ಇದು ಕೇಂದ್ರದ ಶಿಕ್ಷಕ ಅರ್ಹತಾ ಪರೀಕ್ಷೆ, ಪ್ರಮಾಣಪತ್ರಕ್ಕೆ ಈಗ ಅವಧಿಯ ಮಿತಿಯಿಲ್ಲ, ದಂಡುಪ್ರದೇಶದ ಶಾಲೆಗಳಲ್ಲಿ ಸಾಮಾನ್ಯವಾಗಿ ಕೇಳುವುದು ಅದನ್ನೇ. ನರ್ಸಿಂಗ್, ಲೆಕ್ಕಪತ್ರ, ಹೊಲಿಗೆ, ಆನ್‌ಲೈನ್ ಪಾಠ ಇವೂ ಊರು ಬದಲಾದರೆ ಜೊತೆಗೆ ಬರುತ್ತವೆ. ಬ್ಯೂಟಿ ಪಾರ್ಲರ್ ಇಟ್ಟರೆ ಗಿರಾಕಿಗಳು ಹುಟ್ಟುವ ಹೊತ್ತಿಗೆ ವರ್ಗಾವಣೆ ಬರುತ್ತದೆ, ಬಂಡವಾಳ ಹಾಕುವ ಮೊದಲು ಯೋಚಿಸಿ. ಊರಿನಲ್ಲೇ ನಿಂತು ತೋಟ ನೋಡಿಕೊಳ್ಳುವವರು "ಮನೇಲೇ ಇದ್ದೀನಿ" ಎನ್ನುವುದನ್ನು ಮೊದಲು ಬಿಡಿ. ಕಪಾತು, ಗೊಬ್ಬರ, ಕೊಯ್ಲು, ಬಟವಾಡೆ ಮಾಡಿಸುವವರು ಬೆಳೆಗಾರರು.

ಮತದಾನವೂ ಇದೇ ಸಾಲಿಗೆ ಸೇರುತ್ತದೆ. ಸೈನಿಕರು ಸೇವಾ ಮತದಾರರು, ಅಂದರೆ ದೂರದಲ್ಲಿದ್ದೂ ಅಂಚೆ ಮೂಲಕ ಊರಿನ ಕ್ಷೇತ್ರಕ್ಕೆ ಮತ ಹಾಕುವವರು. ಜೊತೆಯಲ್ಲಿ ವಾಸಿಸುವ ಸಂಗಾತಿಗೂ ಆ ಹಕ್ಕಿದೆ. ನೀವು ಊರಿನಲ್ಲೇ ಇದ್ದರೆ ಸಾಮಾನ್ಯ ಮತದಾರರಾಗಿ ಹೆಸರು ಸೇರಿಸಿ. ಎರಡೂ ಕಡೆ ಬೇಡ, ಎಲ್ಲೂ ಇಲ್ಲದಂತೆಯೂ ಆಗುವುದು ಬೇಡ.

6. ಫೋನು

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಅಲ್ಲಿ ಅವರಿಗೂ ಸಿಗ್ನಲ್ ಇರುವುದಿಲ್ಲ. "ಮೂರು ದಿನ ಫೋನ್ ಬರದಿದ್ದರೆ ಏನೂ ಆಗಿಲ್ಲ ಎಂದೇ ಅರ್ಥ" ಎಂದು ಇಬ್ಬರೂ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಯೂನಿಟ್ಟಿನ ಸುಬೇದಾರ್ ಮೇಜರರ ನಂಬರು ನೋಟ್‌ಬುಕ್ಕಿನಲ್ಲಿರಲಿ, ಮೊಬೈಲಿನಲ್ಲಿ ಮಾತ್ರ ಅಲ್ಲ. ಯಜಮಾನರು ಎಲ್ಲಿದ್ದಾರೆ, ಯಾವಾಗ ಹೊರಟರು ಎಂಬುದನ್ನು ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲೂ ಹಾಕಬೇಡಿ. ಸಮವಸ್ತ್ರದ ಫೋಟೊ ಸ್ಟೇಟಸ್ಸಿಗೆ ಬೇಡವೇ ಬೇಡ.

7. ಅವರು ರಜೆಗೆ ಬಂದಾಗ

ಹೋದಾಗಿನ ಕಷ್ಟ ಎಲ್ಲರೂ ಹೇಳುತ್ತಾರೆ, ಬಂದಾಗಿನ ಕಷ್ಟ ಯಾರೂ ಹೇಳುವುದಿಲ್ಲ. ನೀವು ಒಂಬತ್ತು ತಿಂಗಳು ನಡೆಸಿದ ಮನೆಗೆ ಬಂದ ಎರಡನೇ ದಿನವೇ ಅವರು ಮಕ್ಕಳ ಟೈಮ್‌ಟೇಬಲ್ ತಿದ್ದುತ್ತಾರೆ. ಕರಿ ಟ್ರಂಕು ನಡುಮನೆಯ ಮಧ್ಯೆ, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು, ಅದರ ಕೆಳಗೆ ಹೊಡೆದು ಹಾಕಿದ ಹಳೆಯ ಯೂನಿಟ್ಟುಗಳು. ಎತ್ತಿಡಿ ಎಂದರೆ ಅದಕ್ಕೂ ಮುನಿಸು. ಮೊದಲ ವಾರ ಯಾವ ನಿಯಮವೂ ಬದಲಾಗುವುದಿಲ್ಲ ಎಂದು ಮಾತಾಡಿಕೊಳ್ಳಿ. ಅವರಿಗೆ ನಿದ್ದೆ, ಮಕ್ಕಳಿಗೆ ಅಪ್ಪ, ನಿಮಗೆ ಒಂದು ದಿನ ಪೂರ್ತಿ ಬಿಡುವು. ತೀರ್ಮಾನಗಳೆಲ್ಲ ಎರಡನೇ ವಾರದಿಂದ.

8. ಮನಸ್ಸು ಸೋತರೆ

ನಿದ್ದೆ ಬಾರದೆ ಎರಡು ವಾರ ಕಳೆದಿದೆ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಅದು ಹೇಡಿತನವಲ್ಲ, ಚಿಕಿತ್ಸೆ ಇರುವ ತೊಂದರೆ. 14416 ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. 2022ರಲ್ಲಿ ಶುರುವಾಗಿದ್ದು, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರು ಮತ್ತು ಅವರ ಕುಟುಂಬಕ್ಕೆಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಒಂದು ಘಟಕ 2023ರಿಂದ ಇದೆ.

ಎರಡು ಮಾತು ಬಿಡಿಸಿ ಹೇಳಬೇಕು. ಮಿಲಿಟರಿ ಕ್ಯಾಂಟೀನಿನ ರಮ್ಮು ನಮ್ಮ ಮನೆಗಳಲ್ಲಿ ಮರ್ಯಾದೆಯ ವಸ್ತು, ಹಬ್ಬಕ್ಕೂ ಬೇಕು, ತಿಥಿಗೂ ಬೇಕು. ಅದೇ ನಿದ್ದೆಯ ಮಾತ್ರೆಯಾದರೆ, ಗಂಡಸಿಗಾಗಲಿ ಹೆಂಗಸಿಗಾಗಲಿ, ವೈದ್ಯರ ಹತ್ತಿರ ಹೋಗುವ ಹೊತ್ತು ಬಂದಿದೆ. ಇನ್ನೊಂದು ಕೋವಿ. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇರುತ್ತದೆ. ಮನೆಯಲ್ಲಿ ಯಾರಾದರೂ ಬದುಕು ಸಾಕು ಎನ್ನುವ ಮಾತಾಡಿದರೆ, ತಮಾಷೆಗೆ ಅಂದರೂ ಸರಿ, ಅವತ್ತೇ ಕೋವಿ ಮತ್ತು ಗುಂಡುಗಳನ್ನು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿ ರಸೀದಿ ತೆಗೆದುಕೊಳ್ಳಿ. ಚುನಾವಣೆಗೆ ಇಟ್ಟು ಬಂದವರು ಇದಕ್ಕೂ ಇಟ್ಟು ಬರಬಹುದು, ಯಾರಿಗೂ ಕಾರಣ ಹೇಳಬೇಕಿಲ್ಲ.

9. ನಿವೃತ್ತಿ, ನೀವಂದುಕೊಂಡದ್ದಕ್ಕಿಂತ ಬೇಗ

ಜವಾನರ ಪಿಂಚಣಿಗೆ ಕನಿಷ್ಠ 15 ವರ್ಷದ ಸೇವೆ ಸಾಕು. ಇಪ್ಪತ್ತಕ್ಕೆ ಸೇರಿದವರು ನಲವತ್ತರ ಆಸುಪಾಸಿನಲ್ಲಿ ಮನೆಗೆ ಬರುತ್ತಾರೆ, ಮಕ್ಕಳ ಓದು ಆಗಷ್ಟೇ ದುಬಾರಿಯಾಗುತ್ತಿರುತ್ತದೆ. ಹೊರಬರುವ ಎರಡು ವರ್ಷ ಮೊದಲೇ ಮುಂದಿನ ಕೆಲಸದ ಮಾತು ಶುರುವಾಗಲಿ. ಪಿಂಚಣಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುತ್ತದೆ; ಅದರ ಲಾಗಿನ್, ಪಾಸ್‌ವರ್ಡ್ ನಿಮಗೂ ಗೊತ್ತಿರಲಿ, ಅದರಲ್ಲಿ ನಿಮ್ಮ ಹೆಸರು, ಹುಟ್ಟಿದ ತಾರೀಕು ಸರಿಯಿದೆಯೇ ನೋಡಿ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಮಕ್ಕಳು ವೃತ್ತಿಪರ ಕೋರ್ಸಿಗೆ ಸೇರಿದರೆ ಮಾಜಿ ಸೈನಿಕರ ಮಕ್ಕಳಿಗೆಂದು ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ, ಆದರೆ ಎಲ್ಲ ಕೋರ್ಸಿಗೂ ಇಲ್ಲ, ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಅದನ್ನು ತಪ್ಪಿಸಿಕೊಂಡವರ ಪತ್ರಗಳು ನನಗೆ ಪ್ರತಿ ವರ್ಷ ಬರುತ್ತವೆ.

ಅಗ್ನಿವೀರರ ತಾಯಂದಿರಿಗೆ ಲೆಕ್ಕವೇ ಬೇರೆ. ಇವರು ಸೇನೆಗೆ ಸೇರುವುದು 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ. ಸೇವೆ 4 ವರ್ಷ, ಖಾಯಂ ಆಗುವುದು ಶೇ. 25ರವರೆಗೆ ಮಾತ್ರ, ಉಳಿದವರಿಗೆ ಪಿಂಚಣಿ ಇಲ್ಲ. ಹೊರಬರುವಾಗ ಸೇವಾ ನಿಧಿಯೆಂದು ಸುಮಾರು 11.71 ಲಕ್ಷ ರೂಪಾಯಿ ಕೈಗೆ ಬರುತ್ತದೆ. ಅದು ಬಂದ ತಿಂಗಳೇ ಜೀಪಾಗದಂತೆ ನೋಡಿಕೊಳ್ಳಿ. ಓದು ಅಥವಾ ಕೆಲಸ ಗೊತ್ತಾಗುವವರೆಗೆ ಠೇವಣಿಯಲ್ಲಿರಲಿ.

ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ನಿವೃತ್ತಿಯಾದ ಮೇಲೆ ಒಮ್ಮೆ ಇಬ್ಬರೂ ಒಟ್ಟಿಗೆ ಹೋಗಿ ಹೆಸರು ನೋಂದಾಯಿಸಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಇಬ್ಬರ ಆಧಾರ್, ಜಂಟಿ ಫೋಟೊ, ಪ್ರತಿಯೊಂದಕ್ಕೂ ಎರಡೆರಡು ಜೆರಾಕ್ಸ್. ಮಳೆಗಾಲವಾದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗಿ, ಹೊರಡುವ ಮೊದಲು ಕಚೇರಿಗೊಂದು ಫೋನ್ ಮಾಡಿ.